ಅಕ್ಕ ಒಬ್ಬಳೇ ತುಳಿದ ದಡ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ಐವತ್ತೆಂಟು ವರ್ಷದ ಹೆಂಗಸು ಒಂದು ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡು ಕಂಡವರ ಅಂಗಳ, ದಾರಿ, ದಿಬ್ಬ ಸಮ ಮಾಡಿ ಬದುಕಬೇಕಾದರೆ ಕೋಪ ಮೂಗಿನಲ್ಲಾದರೂ ಇರಬೇಕು, ಇಲ್ಲದಿದ್ದರೆ ಜನ ತಲೆಯ ಮೇಲೆ ಹತ್ತಿ ಕೂರುತ್ತಾರೆ. ಇಪ್ಪತ್ತಮೂರು ವರ್ಷದಿಂದ ಇದೇ ಕೆಲಸ. ನಾನು ಇಳಿಜಾರು ಮಾಡಿಕೊಟ್ಟ ಜಾಗದಲ್ಲಿ ಇವತ್ತಿನವರೆಗೆ ಒಂದು ಬಕೆಟ್ ಮಣ್ಣು ಜಾರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳುವುದು ಸರಿಯಾಗಿ ಅರ್ಥವಾಗಲಿ ಎಂದು ಮೊದಲೇ ಹೇಳಿಬಿಡುತ್ತಿದ್ದೇನೆ.

ಭಾವ ಫೋನ್ ಮಾಡಿದ್ದು ಒಂದು ಮಂಗಳವಾರ ಬೆಳಿಗ್ಗೆ.

"ಡ್ರೈವರಮ್ಮ, ಈ ವಾರ ಬಿಡುವಿದೆಯಾ?"

"ನಂಗೆಲ್ಲಿ ಬಿಡುವು ಭಾವ. ಯಾಕೆ, ಅಕ್ಕ ಹೇಗಿದಾಳೆ?"

ಭಾವ ಹೇಳಿದರು. ಅಕ್ಕನ ಎಡಗಾಲಿನ ಎರಡು ಬೆರಳು ಕಪ್ಪಾಗಿವೆ, ರಕ್ತ ಕೆಳಗೆ ಇಳಿಯುತ್ತಿಲ್ಲ, ಮುಂದಿನ ಬುಧವಾರ ಮೊಣಕಾಲಿನ ಕೆಳಗೆ ತೆಗೆಯುತ್ತಾರೆ.

"ಎಡಗಾಲಾ?" ಎಂದೆ. ಎರಡು ವರ್ಷದ ಹಿಂದೆ ಅಕ್ಕನಿಗೆ ಲಕ್ವ ಹೊಡೆದಾಗ ಬಲಗಡೆ ಪೂರ್ತಿ ಹೋಗಿತ್ತು. ಮಾತೂ ಹೋಗಿತ್ತು. ಬಲಗಾಲಿಗೆ ಬೆಂಕಿ ಇಟ್ಟರೂ ಅವಳಿಗೆ ತಿಳಿಯುವುದಿಲ್ಲ. ಬಿಸಿ, ತಂಪು ಅಂತ ಅವಳಿಗೆ ತಿಳಿಯುತ್ತಿದ್ದದ್ದು ಆ ಒಂದು ಎಡಗಾಲಿನಲ್ಲಿ.

"ಹೂಂ, ಎಡಗಾಲೇ," ಎಂದರು ಭಾವ. "ಅದಕ್ಕೇ ಕರೆದಿದ್ದು ಕಣೆ. ಅದು ಹೋಗೋದ್ರೊಳಗೆ ಒಂದ್ಸಲ ಅವಳ ಕಾಲು ಅವಳ ಕೊಳದಲ್ಲಿ ಇಳಿಬಿಡಬೇಕು. ಡಾಕ್ಟ್ರನ್ನ ಕೇಳ್ದೆ. ಹೇಗೂ ತೆಗೀತೀವಲ್ಲ, ನೆನೆದ್ರೆ ನೆನೀಲಿ ಅಂದ್ರು. ಆದ್ರೆ ದಡ ಗೋಡೆ ಇದ್ದ ಹಾಗಿದೆ, ಗಾಲಿಕುರ್ಚಿ ಹೇಗೆ ಇಳಿಸ್ಲಿ?"

ಒಪ್ಪಿಕೊಂಡಿದ್ದ ಎರಡು ಕೆಲಸ ಮುಂದಕ್ಕೆ ಹಾಕಿ ಮರುದಿನವೇ ಹೊರಟೆ.

ಕೊಳದ ಕಥೆ ಸ್ವಲ್ಪ ಹೇಳಬೇಕು. ನಮ್ಮಪ್ಪ ಹೆಂಚು ಸುಡುತ್ತಿದ್ದವರು. ಈಗ ಅಕ್ಕ ಇರುವ ಅದೇ ಮನೆಯ ಹಿಂದೆ ಜೇಡಿಮಣ್ಣು ಅಗೆದು ಅಗೆದು ದೊಡ್ಡ ಗುಂಡಿಯೇ ಆಗಿತ್ತು. ಅಪ್ಪ ಹೋದ ಮೇಲೆ ಭಟ್ಟಿ ಆರಿತು, ಗುಂಡಿ ಹಾಗೇ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರಲ್ಲಿ ನೀರು ನಿಲ್ಲಿಸಬೇಕು ಅಂತ ಅಕ್ಕನಿಗೆ ಹುಚ್ಚು ಹಿಡಿಯಿತು. ಅವಳಿಗೆ ಹದಿನೇಳು, ನನಗೆ ಹನ್ನೊಂದು. ನೀರು ಬಿಟ್ಟರೆ ಎರಡೇ ದಿನದಲ್ಲಿ ಇಂಗಿಹೋಗುತ್ತಿತ್ತು. ಜೇಡಿ ಹದ ಮಾಡಿ ಹಾಸಿ ಕಾಲಲ್ಲಿ ತುಳಿಯಬೇಕು, ಚರ್ಮದ ಹಾಗೆ ಕೂರಬೇಕು, ಆಗಲೇ ನೀರು ನಿಲ್ಲುವುದು ಎಂದಳು ಅಕ್ಕ. ಇಡೀ ಬೇಸಿಗೆ ಇಬ್ಬರೂ ಬುಟ್ಟಿಯಲ್ಲಿ ಜೇಡಿ ಹೊತ್ತು ತಳ ತುಳಿದೆವು. ತಳ ಮುಗಿಯುವ ಹೊತ್ತಿಗೆ ಒಂದು ದಿನ ಅವಳು, "ಹಿಮ್ಮಡಿಯಲ್ಲಿ ಕುಟ್ಟಬೇಡ್ವೇ, ತೂತು ಬೀಳುತ್ತೆ. ಅಂಗಾಲಲ್ಲಿ ತುಳಿ," ಎಂದಳು. ಅಷ್ಟೇ ಅಂದದ್ದು. ಮೂಗಿನ ತುದಿಯ ಕೋಪ ಆಗಲೂ ಇತ್ತು. ಬುಟ್ಟಿ ಎಸೆದು ಅತ್ತೆಯ ಮನೆಗೆ ಹೋದವಳು ಬೇಸಿಗೆ ಮುಗಿಯುವವರೆಗೆ ಬರಲಿಲ್ಲ. ಬಂದಾಗ ಕೊಳ ತುಂಬಿತ್ತು. ಅಕ್ಕ ದಡದ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡಿದ್ದಳು. "ಬಂದ್ಯಾ, ಬಾ," ಎಂದಳು. ನನ್ನ ಪಾಲಿನ ಕೆಲಸದ ಬಗ್ಗೆ ಅವತ್ತೂ ಎತ್ತಲಿಲ್ಲ, ಆಮೇಲೆ ನಲವತ್ತೇಳು ವರ್ಷದಲ್ಲಿ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಬುಧವಾರ ನಾನು ಹೋದಾಗ ಅಕ್ಕ ಮುಂದಿನ ಕೋಣೆಯಲ್ಲಿದ್ದಳು. ಭಾವ ದರ್ಜಿ. ಅದೇ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಅದರ ಪಕ್ಕದಲ್ಲೇ ಅಕ್ಕನ ಮಂಚ, ಮಂಚಕ್ಕೆ ತಾಗಿಸಿ ಗಾಲಿಕುರ್ಚಿ. ನೆಲದ ಮೇಲೆ ದಾರದ ತುಂಡುಗಳ ಜೊತೆ ಮಾತ್ರೆಯ ಖಾಲಿ ಪಟ್ಟಿಗಳು ಬಿದ್ದಿದ್ದವು. ಅಕ್ಕನ ಎಡಗಾಲಿಗೆ ಸಡಿಲವಾಗಿ ಬಟ್ಟೆ ಸುತ್ತಿದ್ದರು. ನನ್ನನ್ನು ಕಂಡು ಎಡಗೈ ಎತ್ತಿ ನನ್ನ ಕೆನ್ನೆ ತಟ್ಟಿದಳು, ಗಂಟಲಿನಿಂದ ಏನೋ ಸದ್ದು ಬಂತು.

"ಇಳಿದುಹೋಗಿದೀಯ, ಸರಿಯಾಗಿ ಊಟ ಮಾಡ್ತಿಲ್ವಾ ಅಂತಾಳೆ," ಎಂದರು ಭಾವ.

ಇದು ಅವರ ಪದ್ಧತಿ. ಅಕ್ಕ ಬಾಯಿ ತೆರೆದರೆ ಸಾಕು, ಇವರು ಅರ್ಥ ಹೇಳುತ್ತಿದ್ದರು. ನಾನು ಇಳಿದುಹೋಗಿರಲಿಲ್ಲ, ನಾಲ್ಕು ಕಿಲೋ ಹೆಚ್ಚಾಗಿದ್ದೆ. "ನಲವತ್ತು ವರ್ಷ ಸಂಸಾರ ಮಾಡಿದೀನಿ. ಅವಳ ಮೈ ಅಳತೆ, ಮನಸ್ಸಿನ ಅಳತೆ ಎರಡೂ ನನ್ನ ಹತ್ರ ಇದೆ. ಟೇಪೇ ಬೇಡ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾವೂ ನಂಬಿಕೊಂಡಿದ್ದೆವು. ನಂಬದೆ ಇನ್ನೇನು ಮಾಡುವುದು? ಅವಳನ್ನು ಕೇಳಿ ತಿಳಿಯುವ ತಾಳ್ಮೆ ನಮಗ್ಯಾರಿಗೂ ಇರಲಿಲ್ಲ.

ಇಳಿಜಾರಿಗೆ ಉತ್ತರದ ದಡವನ್ನು ಆರಿಸಿಕೊಂಡೆ. ಮನೆಯ ಹಿಂಬಾಗಿಲು ತೆರೆಯುವುದು ಆ ಕಡೆಗೇ. ಮಿಕ್ಕ ಮೂರು ದಡ ಕಲ್ಲಿನಂಥ ಜೇಡಿ. ಇದು ಮಾತ್ರ ಟ್ರ್ಯಾಕ್ಟರಿನ ಮುಂದಿನ ಬಕೆಟ್ ತಾಗಿಸಿದರೆ ಬೆಣ್ಣೆಯ ಹಾಗೆ ಬಂತು. ಯಾಕೆ ಹೀಗೆ ಬರುತ್ತಿದೆ ಅಂತ ಒಂದು ನಿಮಿಷ ಯೋಚಿಸಿದ್ದರೆ ಆಗುತ್ತಿತ್ತು. ನಾನು ಖುಷಿಪಟ್ಟೆ.

ಭಾವ ಕುತ್ತಿಗೆಯ ಟೇಪು ತೆಗೆದು ಎಲ್ಲ ಅಳೆದರು. ಹನ್ನೆರಡಡಿ ಉದ್ದಕ್ಕೆ ಒಂದಡಿ ಇಳಿತ, ಅದಕ್ಕಿಂತ ಕಡಿದಾದರೆ ಕುರ್ಚಿ ಕೈಮೀರಿ ಓಡುತ್ತದೆ. ದಡದಿಂದ ನೀರಿಗೆ ಐದಡಿ, ಅಂದರೆ ಅರವತ್ತಡಿ ಉದ್ದದ ಇಳಿಜಾರು. ಪಾದ ಮುಳುಗಬೇಕಾದರೆ ಅದೇ ಇಳಿಜಾರು ನೀರಿನೊಳಗೆ ಇನ್ನೂ ಹನ್ನೆರಡಡಿ ಹೋಗಬೇಕು. ದಡದ ಬುಡದಲ್ಲಿ ಅಷ್ಟು ದೂರ ನೀರು ಆಳವಿರಲಿಲ್ಲ, ಅದರಾಚೆ ಅಂಚು ಒಮ್ಮೆಲೇ ಕಡಿದಾಗಿ ಇಳಿಯುತ್ತಿತ್ತು. ಗೂಟ ಹೊಡೆದು, ಗೂಟದ ಮೇಲೆ ಬಟ್ಟೆಗೆ ಗೆರೆ ಎಳೆಯುವ ಚಾಕ್‌ಪೀಸಿನಲ್ಲೇ ಗುರುತು ಹಾಕಿದರು.

"ಭಾವ, ಇದಕ್ಕೆ ಒಳಗಡೆ ಅಸ್ತರ್ ಕೊಡ್ಬೇಕಾ, ಹಾಗೇ ಹೊಲೀಲಾ?" ಎಂದು ಟ್ರ್ಯಾಕ್ಟರ್ ಮೇಲಿಂದ ಕೂಗಿದೆ.

"ಅಸ್ತರ್ ಗಿಸ್ತರ್ ಬೇಡ. ಮೇಲ್ಬಟ್ಟೆ ಸುಕ್ಕಿಲ್ದೆ ಬಂದ್ರೆ ಸಾಕು," ಎಂದರು. ಇಬ್ಬರೂ ನಕ್ಕೆವು.

ಬುಧವಾರ, ಗುರುವಾರ ಮುಂದಿನ ಬಕೆಟ್‌ನಲ್ಲಿ ದಡ ಕಡಿದು ಮಣ್ಣು ಒಂದು ಪಕ್ಕ ರಾಶಿ ಹಾಕಿದೆ. ಶುಕ್ರವಾರ ಹಿಂದುಗಡೆ ಪೆಟ್ಟಿಗೆ ಬ್ಲೇಡು ಕಟ್ಟಿದೆ. ಅದು ತಳವಿಲ್ಲದ ಉದ್ದನೆಯ ಕಬ್ಬಿಣದ ಪೆಟ್ಟಿಗೆ. ಮಣ್ಣನ್ನು ಎಳೆದುಕೊಂಡು ಹೋಗಿ ಸಮ ಮಾಡುತ್ತದೆ, ಮುಂದೆ ಐದು ಉಕ್ಕಿನ ಹಲ್ಲು ಇಳಿಸಿದರೆ ನೆಲವನ್ನು ಬಗೆಯುತ್ತದೆ. ನಾನು ಹಲ್ಲು ಹಾಕದೆ ಯಾವ ಇಳಿಜಾರೂ ಮಾಡಿದವಳಲ್ಲ. ಹಳೆ ನೆಲ ಬಗೆಯದೆ ಮೇಲೆ ಹೊಸ ಮಣ್ಣು ಹಾಕಿದರೆ ಎರಡೂ ಒಂದಕ್ಕೊಂದು ಹಿಡಿಯುವುದಿಲ್ಲ, ಚಾಪೆ ಸುತ್ತಿಕೊಂಡು ಬಂದ ಹಾಗೆ ಒಂದು ದಿನ ಜಾರಿ ಬರುತ್ತದೆ. ಇಪ್ಪತ್ತಮೂರು ವರ್ಷ ನನ್ನ ಮಾನ ಉಳಿಸಿದ್ದು ಆ ಐದು ಹಲ್ಲು.

ಅವತ್ತು ಭಾವ ಅಕ್ಕನನ್ನು ಹಿಂಬಾಗಿಲಿನ ಹತ್ತಿರ ಕೂರಿಸಿದ್ದರು, ಕೆಲಸ ನೋಡಲಿ ಅಂತ. ಮೇಲಿನ ಅರವತ್ತಡಿಗೆ ಹಲ್ಲು ಎಳೆಯುವಾಗ ಅಕ್ಕ ಸುಮ್ಮನೆ ನೋಡುತ್ತಿದ್ದಳು. ಆಮೇಲೆ ನಾನು ಟ್ರ್ಯಾಕ್ಟರನ್ನು ಹಿಂದೆ ಹಿಂದೆ ನೀರಿಗೆ ಇಳಿಸಿದೆ. ಹಿಂದಿನ ಗಾಲಿಯ ಸುತ್ತ ನೀರು ಬಂತು. ಲಿವರ್ ಒತ್ತಿ ಹಲ್ಲು ತಳಕ್ಕೆ ಬಿಟ್ಟೆ.

ಎಂಜಿನ್ ಸದ್ದಿನ ಮೇಲೂ ಅಕ್ಕನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಎಡಗೈಯಿಂದ ಕುರ್ಚಿಯ ಕೈಯನ್ನು ಬಡಿಯುತ್ತಿದ್ದಳು. ಆಮೇಲೆ ಅಂಗೈ ಕೆಳಗೆ ಮಾಡಿ ಗಾಳಿಯನ್ನು ಒತ್ತಿದಳು. ಒತ್ತಿ, ಎತ್ತಿ, ಒತ್ತಿ, ಎತ್ತಿ. ಮುಖ ಕೆಂಪಾಗಿತ್ತು.

ಎಂಜಿನ್ ಆರಿಸಿದೆ. "ಭಾವ, ಅಕ್ಕ ಏನೋ ಹೇಳ್ತಿದಾಳೆ ನೋಡಿ."

ಭಾವ ಬಗ್ಗಿ ಅವಳ ಮುಖ ನೋಡಿದರು. "ಬಿಸಿಲು ಕಣೆ. ಮುಖಕ್ಕೆ ಹೊಡೀತಿದೆ. ಒಳಗೆ ಕರ್ಕೊಂಡು ಹೋಗು ಅಂತಾಳೆ."

"ಕೈ ಹಾಗೆ ಯಾಕೆ ಆಡಿಸ್ತಿದಾಳೆ?"

"ಸದ್ದು ಕಮ್ಮಿ ಮಾಡು ಅಂತ. ನಂಗೆ ಗೊತ್ತಾಗಲ್ವಾ? ನೀನು ಕೆಲಸ ನೋಡು."

ಕುರ್ಚಿ ತಿರುಗಿಸಿ ಒಳಗೆ ತಳ್ಳಿಕೊಂಡು ಹೋದರು. ಅಕ್ಕ ಕುತ್ತಿಗೆ ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿ, ಬಾಗಿಲು ದಾಟುವವರೆಗೆ ನನ್ನನ್ನೇ ನೋಡುತ್ತಿದ್ದಳು.

ಇಲ್ಲಿ ನಿಜ ಹೇಳಿಬಿಡುತ್ತೇನೆ. ಅದು ಬಿಸಿಲಲ್ಲ ಅಂತ ನನಗೆ ಅನ್ನಿಸಿತ್ತು. ಆ ನೋಟ ನನಗೆ ಹನ್ನೊಂದನೇ ವಯಸ್ಸಿನಿಂದ ಗೊತ್ತು. ನನ್ನ ಕೆಲಸದಲ್ಲಿ ತಪ್ಪು ಹಿಡಿಯುವಾಗ ಅವಳು ಹಾಗೇ ನೋಡುತ್ತಿದ್ದದ್ದು. ನನ್ನ ಕಸುಬಿನಲ್ಲಿ ಇವಳದ್ದೇನು ಅಂತ ನನಗೆ ಉರಿಯಿತು. ಅವಳಿಗೆ ಮಾತು ಬರದಿದ್ದದ್ದು ಆ ಗಳಿಗೆಯಲ್ಲಿ ನನಗೆ ಅನುಕೂಲವೇ ಆಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಎಂಜಿನ್ ಹಾಕಿ ಮತ್ತೆ ಹಲ್ಲು ಬಿಟ್ಟೆ, ನಾಲ್ಕು ಸಲ ಎಳೆದೆ.

ಮೇಲೆ ಬಂದು ನೋಡಿದರೆ ಹಲ್ಲಿನ ಸಂದಿಯಲ್ಲಿ ಬೂದು ಬಣ್ಣದ ಜೇಡಿ ಸಿಕ್ಕಿಕೊಂಡಿತ್ತು. ಹೆಂಚಿನಷ್ಟೇ ದಪ್ಪ, ಮುರಿದರೆ ಹೆಂಚಿನ ಹಾಗೇ ಅಂಚು. ಅದರ ಹಿಂದೆ ಅಂಟಿಕೊಂಡಿದ್ದು ಹಳದಿ ಮರಳು. ಮರಳಿದ್ದರೆ ಒಳ್ಳೆಯದೇ, ಕುರ್ಚಿಯ ಗಾಲಿ ಹೂತುಕೊಳ್ಳುವುದಿಲ್ಲ ಎಂದುಕೊಂಡು ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ ಅತ್ತ ಎಸೆದೆ. ಹೊಸ ಮಣ್ಣು ತುಂಬಿ, ಜಲ್ಲಿ ಹರಡಿ, ಸಂಜೆಯವರೆಗೆ ರೋಲರ್ ಎಳೆದೆ. ಸಮಮಟ್ಟದ ಪಟ್ಟಿ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಶನಿವಾರ ಮಧ್ಯಾಹ್ನ ಭಾವ ಫೋನ್ ಮಾಡಿದರು. "ನೀರು ಒಂಚೂರು ಇಳಿದ ಹಾಗಿದೆಯಲ್ಲೇ?"

"ಹೊಸ ಮಣ್ಣು ನೀರು ಕುಡಿಯಲ್ವಾ ಭಾವ. ಹೊಟ್ಟೆ ತುಂಬಿದ ಮೇಲೆ ನಿಲ್ಲುತ್ತೆ. ಸುಮ್ನೆ ತಲೆ ತಿನ್ಬೇಡಿ."

"ನಾನೂ ಹಾಗೇ ಅಂದ್ಕೊಂಡೆ. ಇವಳು ಯಾಕೋ ನಿನ್ನೆಯಿಂದ ತುತ್ತು ಮುಟ್ಟಿಲ್ಲ. ನಾಳೆ ನೀರಿಗೆ ಇಳೀತೀನಲ್ಲ ಅಂತ ಸಂಭ್ರಮ ಇರ್ಬೇಕು," ಎಂದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಟೆ. ಅವರ ಮನೆಗೆ ತಿರುಗುವ ರಸ್ತೆಯ ಪಕ್ಕದ ಮೋರಿಯಲ್ಲಿ ತಿಳಿನೀರು ಜುಳುಜುಳು ಹರಿಯುತ್ತಿತ್ತು. ಯಾವ ಪುಣ್ಯಾತ್ಮ ನಲ್ಲಿ ಬಿಟ್ಟು ಮಲಗಿದ್ದಾನೋ, ಕೈ ಮುರಿದುಹೋಗಲಿ ಎಂದು ಬೈದುಕೊಂಡೇ ಬಂದೆ.

ಹಿಂಬಾಗಿಲಿಗೆ ಹೋದರೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ನನ್ನತ್ತ ತಿರುಗಲಿಲ್ಲ. ನಾನು ಅವರು ನೋಡುತ್ತಿದ್ದ ಕಡೆಗೆ ನೋಡಿದೆ.

ನನ್ನ ಇಳಿಜಾರು ಮೇಲಿಂದ ಕೆಳಗಿನವರೆಗೆ ಒಣಗಿ ಬಿದ್ದಿತ್ತು. ಅರವತ್ತಡಿಯೂ, ಅದರ ಮುಂದಿನ ಹನ್ನೆರಡಡಿಯೂ. ಅದು ಮುಗಿಯುವಲ್ಲಿ ಕೊಳದ ಹಳೆಯ ಅಂಚು ಎದೆಯುದ್ದ ಕೆಳಗೆ ಕಡಿದಾಗಿ ಇಳಿದಿತ್ತು, ಆಮೇಲೆ ಕಪ್ಪು ಕೆಸರು, ಕೆಸರಿನ ಆಚೆ ನೀರು. ಅಂಚಿನ ಬುಡದಲ್ಲಿ ಮರಳು ಕೊರೆದು ಕೈ ತೂರುವಷ್ಟು ದೊಡ್ಡ ಬಿಲವಾಗಿತ್ತು.

ಎಲ್ಲ ಒಟ್ಟಿಗೇ ಹೊಳೆಯಿತು, ಮೋರಿಯಲ್ಲಿ ಹರಿಯುತ್ತಿದ್ದ ನೀರು ಎಲ್ಲಿಯದು ಅಂತಲೂ. ಅಪ್ಪ ಉತ್ತರಕ್ಕೆ ಅಗೆಯುವುದು ನಿಲ್ಲಿಸಿದ್ದು ಅಲ್ಲಿ ಜೇಡಿ ಮುಗಿದು ಮರಳು ಸಿಕ್ಕಿತು ಅಂತ. ಆ ಮರಳಿನ ಮೇಲೆ ಅಷ್ಟುದ್ದಕ್ಕೂ ಜೇಡಿಯ ಚರ್ಮ ತುಳಿದು ಕೂರಿಸಿದ್ದು ಅಕ್ಕ, ಒಬ್ಬಳೇ, ನಾನು ಅತ್ತೆಯ ಮನೆಯಲ್ಲಿ ಉಂಡುಕೊಂಡು ಮಲಗಿದ್ದಾಗ. ತಳ ತುಳಿದವಳು ನಾನು, ತಳದ ಲೆಕ್ಕ ನನಗೆ ಗೊತ್ತಿತ್ತು. ಬಿಟ್ಟು ಹೋದ ಪಾಲಿನ ಲೆಕ್ಕ ಹೇಗೆ ಗೊತ್ತಾಗಬೇಕು? ಗೊತ್ತಿದ್ದವಳು ಶುಕ್ರವಾರ ಕುರ್ಚಿ ಬಡಿದು ಬಡಿದು ಹೇಳಿದಳು.

"ಕೈಯಾರೆ ಹರಿದುಹಾಕಿದೆ ಭಾವ," ಎಂದೆ.

"ಹೇಗಾದ್ರೂ ಮಾಡು ಕಣೆ. ಅವಳನ್ನ ಎದ್ದಾಗಿಂದ ತಯಾರು ಮಾಡಿ ಕೂರಿಸಿದೀನಿ," ಎಂದರು ಅವರು.

ಅಕ್ಕ ಒಳಗೆ ಕುರ್ಚಿಯಲ್ಲಿದ್ದಳು. ಮೊಣಕಾಲಿನವರೆಗೆ ಮಾತ್ರ ಬರುವ ಹೊಸ ನಿಲುವಂಗಿ, ತಿಳಿನೀಲಿ ಬಣ್ಣದ್ದು. ನೀರಿಗೆ ಇಳಿದಾಗ ಅಂಚು ನೆನೆಯಬಾರದು ಅಂತ ಭಾವ ಎರಡು ದಿನ ಕೂತು ಹೊಲಿದಿದ್ದರು. ಕಾಲಿನ ಬಟ್ಟೆ ಬಿಚ್ಚಿದ್ದರು. ಕಪ್ಪು ಬೆರಳುಗಳನ್ನು ನೋಡಲಾಗಲಿಲ್ಲ.

ಅವಳನ್ನು ಇಳಿಸಿದೆವು. ಏನು ಹೇಳಲಿ, ಆ ಇಳಿಜಾರು ಅಷ್ಟು ಚೆನ್ನಾಗಿತ್ತು. ಗಾಲಿ ಒಂದು ಕಡೆಯೂ ತಡೆಯಲಿಲ್ಲ. ಒಂದು ಕೈಯಲ್ಲಿ ಹಿಡಿದರೂ ಸಾಕಾಗಿತ್ತು. ಕೊನೆಯ ಅಂಚಿನಲ್ಲಿ ಕುರ್ಚಿ ನಿಲ್ಲಿಸಿದೆವು. ಅಕ್ಕ ನೀರನ್ನು ನೋಡಿದಳು.

ಕೆಸರಿನ ಮೇಲೆ ಹಲಗೆ ಹಾಸಿದೆ. ಹಲಗೆಯೂ ನಾನೂ ತೊಡೆಯವರೆಗೆ ಹೂತುಹೋದೆವು.

"ಭಾವ, ಟ್ರ್ಯಾಕ್ಟರ್ ತರ್ತೀನಿ. ಮುಂದಿನ ಬಕೆಟ್ಟಲ್ಲಿ ಹಾಸಿಗೆ ಹಾಕಿ ಕೂರಿಸಿ ಮೆತ್ತಗೆ ಇಳಿಸ್ತೀನಿ."

"ಹೆಂಡ್ತೀನ ಮಣ್ಣು ಎತ್ತೋ ಬಕೆಟ್ಟಲ್ಲಿ ಹಾಕ್ಲಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ, "ಹೂಂ, ತಗೊಂಡು ಬಾ," ಎಂದರು.

ತರಲು ಹೊರಟವಳು ಅರ್ಧದಲ್ಲೇ ನಿಂತೆ. ಅಂಚಿನ ಕೆಳಗೆ ಮರಳು ಟೊಳ್ಳಾಗಿತ್ತು. ಟ್ರ್ಯಾಕ್ಟರಿನ ಭಾರ ಬಿದ್ದರೆ ಅಕ್ಕನ ಸಮೇತ ಕುಸಿಯುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ನನ್ನ ಕಥೆಯಲ್ಲಿ ನೀರಿಗೆ ಎಳೆಯುವ ಕೋಣವೂ ಇರಲಿಲ್ಲ. ಆಗುವುದಿಲ್ಲ ಅಂತ ಭಾವನಿಗೆ ಹೇಳಿದೆ.

ಭಾವ ಒಂದು ಬೋಗುಣಿಯಲ್ಲಿ ಕೊಳದ ನೀರು ತರಿಸಿಕೊಂಡರು. ಕೆಸರಿನಲ್ಲಿ ತೆವಳಿ ತಂದುಕೊಟ್ಟೆ. ಅವರು ಮೊಣಕಾಲೂರಿ ಕೂತು ಅಕ್ಕನ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಅದರಲ್ಲಿ ಇಟ್ಟರು. ಅಕ್ಕ ಕಾಲು ಎತ್ತಿ ಹೊರಗೆ ತೆಗೆದಳು.

"ತಣ್ಣಗಿದೆ ಅಂತಾಳೆ," ಎಂದರು ಭಾವ.

ಅಕ್ಕ ಆ ಕಾಲನ್ನು ಜಲ್ಲಿಯ ಮೇಲೆ ಊರಿದಳು. ಎತ್ತಿದಳು, ಮತ್ತೆ ಊರಿದಳು. ಒತ್ತಿ, ಎತ್ತಿ, ಒತ್ತಿ, ಎತ್ತಿ. ನೋವಿಗೆ ತುಟಿ ಕಚ್ಚಿಕೊಂಡಿದ್ದಳು. ಕಣ್ಣು ನನ್ನ ಮೇಲಿತ್ತು.

"ಕಾಲು ಸಿಡೀತಿದೆ ಪಾಪ. ಒಳಗೆ ಕರ್ಕೊಂಡು ಹೋಗ್ತೀನಿ," ಎಂದು ಭಾವ ಕುರ್ಚಿಯ ಹಿಡಿ ಹಿಡಿದರು.

"ಬಿಡಿ ಭಾವ," ಎಂದೆ. "ಕಾಲು ನೋವಲ್ಲ ಅದು. ತುಳಿ ಅಂತಿದಾಳೆ."

ಚಪ್ಪಲಿ ಬಿಟ್ಟು ಬಿಲದ ಹತ್ತಿರ ಇಳಿದೆ. ಶುಕ್ರವಾರ ಎಸೆದಿದ್ದ ಜೇಡಿ ಹುಡುಕಿದೆ, ಎರಡು ಬೊಗಸೆ ಸಿಕ್ಕಿತು. ಮಿಕ್ಕದ್ದು ನನ್ನ ಇಳಿಜಾರಿನ ಕೆಳಗೆ ಚೂರುಚೂರಾಗಿ ಸೇರಿಹೋಗಿ, ಮೇಲೆ ರೋಲರ್ ಹೊಡೆದಾಗಿತ್ತು. ಸಿಕ್ಕಿದ್ದನ್ನು ಬಿಲಕ್ಕೆ ತುರುಕಿ ತುಳಿಯತೊಡಗಿದೆ. ಅಕ್ಕ ಕುರ್ಚಿಯ ಕೈಯನ್ನು ಒಮ್ಮೆ ಬಡಿದಳು. ನನ್ನ ಕಾಲು ನೋಡಿಕೊಂಡೆ. ಹಿಮ್ಮಡಿಯಲ್ಲಿ ಕುಟ್ಟುತ್ತಿದ್ದೆ. ಅಂಗಾಲಲ್ಲಿ ತುಳಿದೆ.

ಅವಳು ಅಲ್ಲಿ ಕಾಲು ಊರುವುದು, ನಾನು ಇಲ್ಲಿ ಊರುವುದು, ಹೀಗೆ ಎಷ್ಟು ಹೊತ್ತು ನಡೆಯಿತೋ. ಬಿಸಿಲು ನೆತ್ತಿಗೆ ಬಂತು. ಜೇಡಿ ಮುಗಿದು ಬಹಳ ಹೊತ್ತಾಗಿತ್ತು, ನಾನು ಬರೀ ಮರಳು ತುಳಿಯುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಗೊತ್ತಿತ್ತು. ಒಂದು ಬೇಸಿಗೆಯ ಕೆಲಸ ಅದು, ಹದಿನೇಳರ ಕಾಲಿಗೆ. ಮಳೆಗೆ ಇನ್ನೂ ಎರಡು ತಿಂಗಳಿತ್ತು, ನಮಗಿದ್ದದ್ದು ಮೂರು ದಿನ. ಹತ್ತಿರದಲ್ಲೇ ಇನ್ನೊಂದು ಕಡೆ ಮರಳು ಬಾಯಿ ಬಿಟ್ಟು ಕೆಸರುನೀರು ಎಳೆದುಕೊಳ್ಳತೊಡಗಿತು.

ತಲೆ ಎತ್ತಿದೆ. ಅಕ್ಕನ ಕಾಲು ನಿಂತಿತ್ತು. ಅವಳು ಹೆಂಚು ಸುಡುವವನ ಮಗಳು, ಯಾವುದು ಜೇಡಿ ಯಾವುದು ಮರಳು ಅಂತ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಎಡಗೈಯನ್ನು ಸ್ವಲ್ಪವೇ ಎತ್ತಿ, ಹೊಸ ನಿಲುವಂಗಿಯ ಮೇಲೆ ಇಟ್ಟುಕೊಂಡಳು. ಗಂಟಲಿನಿಂದ ಸಣ್ಣ ಸದ್ದು ಬಂತು.

ಭಾವ ಬಗ್ಗಿ ಅವಳ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನ್ ಹೇಳ್ತಿದಾಳೆ ಇವಳು?" ಎಂದು ಕೇಳಿದರು. "ನಂಗೆ ಗೊತ್ತಾಗ್ತಿಲ್ಲ ಕಣೆ."

"ನಂಗೂ ಗೊತ್ತಾಗ್ಲಿಲ್ಲ ಭಾವ," ಎಂದೆ.

ಅವಳನ್ನು ಮೇಲಕ್ಕೆ ತಳ್ಳಿಕೊಂಡು ಹೋದೆವು. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾಲು ತೆಗೆದರು. ಮಳೆ ಬಂದು ಹೋಯಿತು, ಕೊಳದಲ್ಲಿ ನೀರು ನಿಲ್ಲಲಿಲ್ಲ. ಇಳಿಜಾರು ಮಾತ್ರ ಹಾಗೇ ಇದೆ, ಒಂದು ಬಕೆಟ್ ಮಣ್ಣೂ ಜಾರಿಲ್ಲ.